ತೇಪೆ ಹಾಕಿದ ರೆಕ್ಕೆಗೆ ಕಾವಲು ಯಾರು?

ಜೋಗಿಮಟ್ಟಿ ಸಾಲಿನ ಗಾಳಿ ಫ್ಯಾನುಗಳನ್ನು ನೋಡದೆ ದುರ್ಗದವರಿಗೆ ದಿನ ಕಳೆಯುವುದಿಲ್ಲ. ಹಿರಿಯೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಅದೇ, ಕೋಟೆ ಹತ್ತಿ ಕೂತರೂ ಅದೇ. ಎಷ್ಟು ತಿರುಗ್ತಾ ಇದಾವೆ, ಎಷ್ಟು ಕೆಟ್ಟು ನಿಂತಿದಾವೆ ಅಂತ ಎಣಿಸೋದು ಹುಡುಗರ ಆಟ. ಆದರೆ ತಿರುಗುತ್ತಿರುವುದರಲ್ಲಿ ಎಷ್ಟು ರೆಕ್ಕೆಗಳಿಗೆ ತೇಪೆ ಬಿದ್ದಿದೆ, ಆ ತೇಪೆ ಹಾಕಿದ್ದು ಯಾವಾಗ, ಅದು ಈಗ ಹೇಗಿದೆ ಎಂಬ ಲೆಕ್ಕ ಕೆಳಗೆ ನಿಂತವರಿಗೆ ಸಿಗುವುದಿಲ್ಲ. ಅದನ್ನು ಕೇಳಬೇಕಾದ ಕಾಲ ಈಗ ಬಂದಿದೆ.

ಯಾಕೆ ಅಂದರೆ, ೨೦೦೦ದ ಆಚೀಚೆ ನಮ್ಮ ಗುಡ್ಡಗಳ ಮೇಲೆ ನಿಂತ ಯಂತ್ರಗಳಿಗೆ ವಯಸ್ಸಾಯಿತು. ಇಂಥ ಯಂತ್ರಕ್ಕೆ ಸಾಮಾನ್ಯವಾಗಿ ಕಟ್ಟುವ ಆಯಸ್ಸು ೨೦ ವರ್ಷ. ೨೦೨೩ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊಸ ನೀತಿ ಹೊರಡಿಸಿತು. ಹಳೆಯದನ್ನು ಕಿತ್ತು ದೊಡ್ಡದು ಹಾಕಬಹುದು, ಇಲ್ಲವೇ ತಪಾಸಣೆ ಮಾಡಿಸಿ ಅದನ್ನೇ ಇನ್ನಷ್ಟು ವರ್ಷ ಓಡಿಸಬಹುದು. ನಿವೃತ್ತಿಯಾದವರಿಗೆ ಎಕ್ಸ್‌ಟೆನ್ಶನ್ ಕೊಟ್ಟ ಹಾಗೆ. ಎಕ್ಸ್‌ಟೆನ್ಶನ್ ಸಿಕ್ಕ ಯಂತ್ರದ ಮೈಮೇಲೆ ತೇಪೆಗಳು ಹೆಚ್ಚಾಗುತ್ತಾ ಹೋಗುತ್ತವೆ. ಇತ್ತ ಹೊಸ ಯಂತ್ರಗಳೂ ಬರುತ್ತಲೇ ಇವೆ. ೨೦೨೪-೨೫ರ ಸಾಲಿನಲ್ಲಿ ದೇಶದಲ್ಲೇ ಹೆಚ್ಚು ಗಾಳಿ ವಿದ್ಯುತ್ ಯಂತ್ರ ನಿಲ್ಲಿಸಿದ ರಾಜ್ಯ ನಮ್ಮದು. ರಾಜ್ಯದ ಒಟ್ಟು ೭ ಸಾವಿರ ಮೆಗಾವ್ಯಾಟ್ ದಾಟಿದೆ. ಹೆದ್ದಾರಿಯಲ್ಲಿ ಉದ್ದನೆಯ ಟ್ರೇಲರ್ ಅಡ್ಡ ತಿರುಗಿ, ಹಿಂದೆ ಬಸ್ಸುಗಳು ಸಾಲುಗಟ್ಟಿ, ಡ್ಯೂಟಿಗೆ ಲೇಟಾಯ್ತು ಅಂತ ಬೈಕೊಂಡವರಿಗೆ ಆ ರೆಕ್ಕೆಯ ಉದ್ದ ಎಷ್ಟೆಂದು ಹೇಳಬೇಕಿಲ್ಲ.

ಗಾಜಿನ ನಾರು, ಅಂಟಿನ ಮೈ

ಈ ರೆಕ್ಕೆ ಕಬ್ಬಿಣದ್ದಲ್ಲ, ಅಲ್ಯೂಮಿನಿಯಮ್ಮಿನದೂ ಅಲ್ಲ. ಗಾಜಿನ ನಾರಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಎಪಾಕ್ಸಿ ಅನ್ನುವ ರಾಳದ ಅಂಟು ಕುಡಿಸಿ ಗಟ್ಟಿ ಮಾಡಿದ್ದು. ನಡುವೆ ಹಗುರಾದ ಬಾಲ್ಸಾ ಮರ ಅಥವಾ ಫೋಮು. ಮೇಲಿನ ಚಿಪ್ಪು ಒಂದು, ಕೆಳಗಿನ ಚಿಪ್ಪು ಒಂದು. ಎರಡನ್ನೂ ಅಂಟಿನಿಂದಲೇ ಜೋಡಿಸುತ್ತಾರೆ. ಒಳಗೆ ತೊಲೆಯ ಹಾಗೆ ಒಂದು ಗಟ್ಟಿ ಭಾಗ. ಇದಕ್ಕೆ ಕಾಂಪೊಸಿಟ್ ಅನ್ನುತ್ತಾರೆ. ಗಾಜಿನ ನಾರಿನ ಬದಲು ಇಂಗಾಲದ ನಾರು ಹಾಕಿದರೆ ವಿಮಾನದ ರೆಕ್ಕೆಯಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ತೇಜಸ್ ಯುದ್ಧ ವಿಮಾನದ ಮೈತೂಕದಲ್ಲಿ ಶೇಕಡಾ ೪೫ರಷ್ಟು ಈ ಜಾತಿಯದೇ. ಚಳ್ಳಕೆರೆಯ ಕುದಾಪುರದಲ್ಲಿ ರಕ್ಷಣಾ ಇಲಾಖೆಯವರು ಹಾರಿಸಿ ಪರೀಕ್ಷಿಸುವ ಪೈಲಟ್ ಇಲ್ಲದ ವಿಮಾನಗಳ ಮೈಯೂ ಹೀಗೇ. ೨೦೨೩ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿತ್ತಲ್ಲ ತಪಸ್, ಅದನ್ನು ನೋಡಲು ಓಡಿದವರು ಕಂಡ ಚೂರುಗಳು ಈ ವಸ್ತುವಿನವು. ಅದು ಬಿದ್ದದ್ದರ ವಿಚಾರಣೆ ಬೇರೆ ಮಾತು, ಇಲ್ಲಿ ಬೇಡ.

ಲೋಹಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಬಸ್ಸಿನ ಬಂಪರಿಗೆ ಏನಾದರೂ ತಾಗಿದರೆ ಡೊಂಕಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾಂಪೊಸಿಟ್ ಹಾಗಲ್ಲ. ಹೊರಗೆ ಬಣ್ಣ ನೆಟ್ಟಗಿರುತ್ತದೆ, ಒಳಗೆ ಪದರಗಳು ಬಿಟ್ಟುಕೊಂಡಿರುತ್ತವೆ. ಮಳೆ ನೀರು ಕುಡಿದ ಪ್ಲೈವುಡ್ ಬಾಗಿಲನ್ನು ನೆನೆಸಿಕೊಳ್ಳಿ.

ಪೆಟ್ಟು ಎಲ್ಲಿಂದ ಬರುತ್ತದೆ? ಮೊದಲನೆಯದು ಸಿಡಿಲು. ಮುಂಗಾರಿಗೆ ಮುಂಚೆ ನಮ್ಮ ಕಡೆ ಗುಡುಗು ಸಿಡಿಲು ಜೋರು, ಗುಡ್ಡದ ತುದಿಯಲ್ಲಿ ನಿಂತ ಯಂತ್ರವೇ ಅದಕ್ಕೆ ಮೊದಲ ಗಿರಾಕಿ. ಸಿಡಿಲನ್ನು ಭೂಮಿಗೆ ಇಳಿಸಲು ರೆಕ್ಕೆಯೊಳಗೆ ತಂತಿ ಇರುತ್ತದೆ ನಿಜ. ಸಿಡಿಲು ದಾರಿ ತಪ್ಪಿದರೆ ಒಳಗಿನ ತೇವ ಒಂದೇ ಕ್ಷಣದಲ್ಲಿ ಆವಿಯಾಗಿ ಚಿಪ್ಪು ಸೀಳುತ್ತದೆ. ಎರಡನೆಯದು ಸವೆತ. ರೆಕ್ಕೆಯ ತುದಿ ಗಂಟೆಗೆ ೨೫೦ರಿಂದ ೩೦೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಆ ವೇಗದಲ್ಲಿ ಮಳೆಹನಿಯೂ ಮರಳ ಕಣವೂ ಉಳಿ ಇಟ್ಟು ಕೆತ್ತಿದ ಹಾಗೆ. ಮೂರನೆಯದು ದಣಿವು. ನಿಮಿಷಕ್ಕೆ ಹತ್ತು ಹನ್ನೆರಡು ಸುತ್ತು ಅಂದರೆ ೨೦ ವರ್ಷಕ್ಕೆ ಹತ್ತು ಕೋಟಿ ಸುತ್ತಿನ ಹತ್ತಿರ ಬರುತ್ತದೆ. ಪ್ರತಿ ಸುತ್ತಿಗೂ ರೆಕ್ಕೆ ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗುತ್ತದೆ.

ಪಂಕ್ಚರ್ ಅಂಗಡಿಯವನಿಗೆ ಗೊತ್ತಿರೋದು

ಹಾಳಾದ ಜಾಗವನ್ನು ರಿಪೇರಿ ಮಾಡುವ ಕ್ರಮ ಪಂಕ್ಚರ್ ಅಂಗಡಿಯದೇ. ರೆಕ್ಕೆಯನ್ನು ಕೆಳಗಿಳಿಸಲು ಭಾರಿ ಕ್ರೇನ್ ಬೇಕು, ಅದಕ್ಕೆ ಲಕ್ಷಗಟ್ಟಲೆ ದುಡ್ಡು. ಹಾಗಾಗಿ ಆದಷ್ಟೂ ಮೇಲೇ ಮಾಡುತ್ತಾರೆ. ಹುಡುಗರು ಹಗ್ಗ ಕಟ್ಟಿಕೊಂಡು ಇಳಿದು, ಕೆಟ್ಟ ಭಾಗವನ್ನು ಉಜ್ಜಿ ತೆಗೆಯುತ್ತಾರೆ. ಗುಂಡಿ ತೋಡಿದ ಹಾಗಲ್ಲ, ತಟ್ಟೆಯ ಅಂಚಿನ ಹಾಗೆ ನಿಧಾನ ಇಳಿಜಾರು ಬರಬೇಕು. ಒಂದು ಮಿಲಿಮೀಟರ್ ಆಳಕ್ಕೆ ೫೦ ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಅಗಲ. ಆ ಇಳಿಜಾರಿನ ಮೇಲೆ ಹೊಸ ನಾರಿನ ಬಟ್ಟೆ ಒಂದೊಂದೇ ಪದರ ಕೂರಿಸಿ, ರಾಳ ಕುಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಳಗಿನ ಗಾಳಿ ಎಳೆದು, ಬಿಸಿ ಹೊದಿಕೆ ಹೊದಿಸಿ ಬೇಯಿಸುತ್ತಾರೆ.

ಟ್ಯೂಬಿಗೆ ತೇಪೆ ಹಾಕುವವನು ಉಜ್ಜಿದ ಜಾಗವನ್ನು ಯಾಕೆ ಬೆರಳಿನಿಂದ ಮುಟ್ಟಬೇಡಿ ಅಂತಾನೆ? ಬೆವರು, ಎಣ್ಣೆ, ಧೂಳು ತಾಗಿದರೆ ಸೊಲ್ಯೂಷನ್ ಹಿಡಿಯೋದಿಲ್ಲ. ಮೇಲೂ ಅಷ್ಟೇ. ಹೆಚ್ಚು ತೇವ ಇದ್ದರೆ ಕೆಡುತ್ತದೆ, ಧೂಳು ಕೂತರೆ ಕೆಡುತ್ತದೆ, ಬಿಸಿ ಸರಿಯಾಗಿ ಏರದಿದ್ದರೆ ರಾಳ ಬೇಯುವುದಿಲ್ಲ. ಆಷಾಢದ ಗಾಳಿಯಲ್ಲಿ ಹಗ್ಗದಲ್ಲಿ ತೂಗಾಡಲು ಆಗುವುದಿಲ್ಲ, ಯಂತ್ರದ ಸಂಪಾದನೆಯ ಕಾಲವೂ ಅದೇ. ಹೀಗಾಗಿ ರಿಪೇರಿಗೆ ಸಿಗುವುದು ಗಾಳಿ ಕಡಿಮೆ ಇರುವ ತಿಂಗಳುಗಳು. ನಮ್ಮಲ್ಲಿ ಅದರಲ್ಲಿ ಅರ್ಧ ಧೂಳಿನ ಕಾಲ.

ಎಲ್ಲಕ್ಕಿಂತ ಕೆಟ್ಟದ್ದು ಬೇರೆ ಇದೆ. ತೇಪೆ ಅಡಿಯಲ್ಲಿ ಗಾಳಿಗುಳ್ಳೆ ಉಳಿದರೆ ಹೇಗೋ ಪತ್ತೆಯಾಗುತ್ತದೆ. ಆದರೆ ತೇಪೆ ಪೂರ್ತಿ ಮುಟ್ಟಿಕೊಂಡಿದೆ, ಆದರೆ ಹಿಡಿದುಕೊಂಡಿಲ್ಲ ಅನ್ನುವ ಸ್ಥಿತಿಯೊಂದಿದೆ. ನಾಣ್ಯದಿಂದ ಬಡಿದು ಸದ್ದು ಕೇಳಿದರೆ ಚೆನ್ನಾಗೇ ಕೇಳುತ್ತದೆ. ಸಂತೆಯಲ್ಲಿ ಗಡಿಗೆ ಬಡಿದು ನೋಡಿ ಕೊಳ್ಳುವವರಿಗೆ ಈ ಪರೀಕ್ಷೆ ಗೊತ್ತು. ವಿಮಾನದ ಮೆಕ್ಯಾನಿಕ್ಕುಗಳು ಇವತ್ತಿಗೂ ಅದನ್ನೇ ಮಾಡುತ್ತಾರೆ, ನಗಬೇಡಿ. ಆಸ್ಪತ್ರೆಯ ಸ್ಕ್ಯಾನಿಂಗ್ ತರಹದ ಅಲ್ಟ್ರಾಸೌಂಡ್ ಹಿಡಿದರೂ ಇಂಥದ್ದು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಅದು ಬಿಟ್ಟುಕೊಳ್ಳುವುದು ಮುಂದೆ ಯಾವಾಗಲೋ, ಜೋರು ಗಾಳಿಯ ಒಂದು ರಾತ್ರಿ.

ರಿಪೇರಿಯಾದ ಜಾಗ ಎಷ್ಟು ಕಾಲ ಸುಮ್ಮನಿದ್ದು ಕೊಲ್ಲಬಹುದು ಎಂಬುದಕ್ಕೆ ವಿಮಾನದ ಇತಿಹಾಸ ನೋಡಬೇಕು. ಜಪಾನಿನ ಒಂದು ಜಂಬೋ ವಿಮಾನ ೧೯೭೮ರಲ್ಲಿ ಒಸಾಕಾದಲ್ಲಿ ಇಳಿಯುವಾಗ ಬಾಲ ನೆಲಕ್ಕೆ ಬಡಿಯಿತು. ರಿಪೇರಿ ಆಯಿತು. ಎರಡು ಸಾಲು ರಿವೆಟ್ಟು ಭಾರ ಹೊರಬೇಕಾದ ಕಡೆ ಒಂದೇ ಸಾಲು ಹೊರುವಂತೆ ಜೋಡಿಸಿದ್ದರು. ಆಮೇಲೆ ೧೨ ಸಾವಿರಕ್ಕೂ ಹೆಚ್ಚು ಸಲ ಹಾರಿತು, ಯಾರಿಗೂ ಗೊತ್ತಾಗಲಿಲ್ಲ. ೧೯೮೫ರ ಆಗಸ್ಟ್ ೧೨ರಂದು ಅದೇ ಜಾಗ ಒಡೆದು ೫೨೦ ಜನ ಸತ್ತರು. ಚೀನಾ ಏರ್‌ಲೈನ್ಸಿನ ಇನ್ನೊಂದು ಜಂಬೋ ೧೯೮೦ರಲ್ಲಿ ಹಾಂಗ್‌ಕಾಂಗಿನಲ್ಲಿ ಬಾಲ ಬಡಿಸಿಕೊಂಡಿತ್ತು. ಗೀರುಗಳ ಮೇಲೆ ತಗಡಿನ ತೇಪೆ ಹಾಕಿದರು. ತೇಪೆಯ ಅಡಿಯಲ್ಲೇ ಬಿರುಕು ಬೆಳೆಯಿತು. ಮುಚ್ಚಿದ್ದರಿಂದ ಹೊರಗೆ ಕಾಣಲಿಲ್ಲ. ೨೦೦೨ರಲ್ಲಿ ಆಕಾಶದಲ್ಲೇ ಚೂರಾಗಿ ೨೨೫ ಜನ ಹೋದರು. ನಡುವೆ ೨೨ ವರ್ಷ. ಇವೆರಡೂ ಲೋಹದ ವಿಮಾನಗಳು, ಕಾಂಪೊಸಿಟ್ ಅಲ್ಲ ಎಂಬುದು ನಿಜವೇ. ಲೋಹದಲ್ಲೇ ಹೀಗಾದರೆ ಒಳಗೇ ಬಿರುಕು ಬಚ್ಚಿಟ್ಟುಕೊಳ್ಳುವ ವಸ್ತುವಿನ ಕಥೆ ಏನು?

ಅದಕ್ಕೇ ವಿಮಾನದ ಕಾನೂನು ಅಂಟಿಸಿದ ತೇಪೆಯನ್ನು ನಂಬುವುದೇ ಇಲ್ಲ. ಮುಖ್ಯ ಭಾಗಕ್ಕೆ ಅಂಟಿಸಿದ ತೇಪೆ ಪೂರ್ತಿ ಕಿತ್ತುಹೋಯಿತು ಅಂತಲೇ ಲೆಕ್ಕ ಹಿಡಿದು, ಆಗಲೂ ವಿಮಾನ ಎದುರಿಸಬೇಕಾದ ಗರಿಷ್ಠ ಭಾರ ತಡೆಯುವುದಾದರೆ ಮಾತ್ರ ಒಪ್ಪಿಗೆ. ಅಂದರೆ ತೇಪೆ ದೊಡ್ಡದಾದರೆ ಬೇಡ, ಆ ಭಾಗವನ್ನೇ ಬದಲಿಸಿ. ಸಾವಿರಾರು ಕೋಟಿಯ ವಿಮಾನ ಕಂಪನಿಗಳಿಗೂ ಇದು ಕಷ್ಟ, ಆದರೂ ಪಾಲಿಸುತ್ತಾರೆ.

ಗಾಳಿ ಯಂತ್ರದವರ ಅನುಭವ ಏನು? ನಮ್ಮ ದೇಶದ್ದೇ ಸುಜ್ಲಾನ್ ಕಂಪನಿ, ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿ ರೆಕ್ಕೆ ಕಾರ್ಖಾನೆ ಹಾಕಿದ ಕಂಪನಿ, ಅಮೆರಿಕಕ್ಕೆ ಮಾರಿದ ಯಂತ್ರಗಳ ರೆಕ್ಕೆಗಳಲ್ಲಿ ಬಿರುಕು ಕಂಡವು. ೨೦೦೮ರಲ್ಲಿ ೧,೨೫೧ ರೆಕ್ಕೆಗಳನ್ನು ಬಲಪಡಿಸುವ ಕಾರ್ಯಕ್ರಮ ಹಾಕಿಕೊಂಡು ಎರಡೂವರೆ ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿ, ಖರ್ಚೆಂದು ಪ್ರಕಟಿಸಿತು. ಆ ವರ್ಷದ ಅಕ್ಟೋಬರಿನಲ್ಲೇ ಇಲಿನಾಯ್ ರಾಜ್ಯದಲ್ಲಿ ೧೪೦ ಅಡಿಯ ಒಂದು ರೆಕ್ಕೆ ಮುರಿದು ಬಿತ್ತು.

ಇತ್ತೀಚಿನದು ಅಂದರೆ ೨೦೨೪ರ ಜುಲೈ ೧೩. ಅಮೆರಿಕದ ನಾಂಟುಕೆಟ್ ಎಂಬ ದ್ವೀಪದ ಹತ್ತಿರ ಸಮುದ್ರದಲ್ಲಿ ನಿಲ್ಲಿಸಿದ್ದ ಜಿ.ಇ. ಕಂಪನಿಯ ೧೦೭ ಮೀಟರ್ ರೆಕ್ಕೆ ಮುರಿಯಿತು. ಹೊಸದೇ. ಕಾರ್ಖಾನೆಯಲ್ಲಿ ಅಂಟು ಸರಿಯಾಗಿ ಹಿಡಿದಿರಲಿಲ್ಲ, ತಪಾಸಣೆಯಲ್ಲೇ ಸಿಕ್ಕಬೇಕಿತ್ತು ಅಂತ ಕಂಪನಿಯೇ ಹೇಳಿತು. ಅದೇ ಕಾರ್ಖಾನೆಯಿಂದ ಬಂದ ಸುಮಾರು ೧೫೦ ರೆಕ್ಕೆಗಳ ಸ್ಕ್ಯಾನಿಂಗ್ ಚಿತ್ರಗಳನ್ನು ಮತ್ತೆ ತೆಗೆದು ನೋಡಬೇಕಾಯಿತು. ಫೋಮು, ಗಾಜಿನ ನಾರಿನ ಚೂರು ದಡಕ್ಕೆ ಬಂದು, ಪ್ರವಾಸದ ಸೀಸನ್ನಿನಲ್ಲೇ ಬೀಚು ಮುಚ್ಚಿದರು. ಅಂಗಡಿಯವರು ಗಮನಿಸಬೇಕಾದ್ದು ಮುಂದಿನದು: ೨೦೨೫ರ ಜುಲೈನಲ್ಲಿ ಕಂಪನಿ ಒಂದು ಕೋಟಿ ಐದು ಲಕ್ಷ ಡಾಲರ್, ನಮ್ಮ ಸುಮಾರು ೯೦ ಕೋಟಿ ರೂಪಾಯಿ, ಕೊಡಲು ಒಪ್ಪಿತು. ಅದರಲ್ಲಿ ವ್ಯಾಪಾರ ನಷ್ಟವಾದ ಅಂಗಡಿ ಹೋಟೆಲಿನವರಿಗೆ ಪರಿಹಾರ. ಊರು ಒಗ್ಗಟ್ಟಾಗಿ ಕೇಳಿತು, ಸಿಕ್ಕಿತು.

ಜೋಡೆತ್ತಿನ ಲೆಕ್ಕ

ಹಾಗಾದರೆ ತೇಪೆಯ ಮೇಲೆ ಹಗಲೂ ರಾತ್ರಿ ಕಣ್ಣಿಡಲು ಆಗುತ್ತದೆಯೇ? ಆಗುತ್ತದೆ. ಇದಕ್ಕೆ ಸೆನ್ಸರ್ ಅನ್ನುವ ಚಿಕ್ಕ ಸಾಧನಗಳಿವೆ, ಕೆಲಸ ಮಾಡುವ ವಿಧಾನ ತಲೆ ಕೆಡಿಸಿಕೊಳ್ಳುವಷ್ಟು ಕಷ್ಟದ್ದಲ್ಲ.

ಅಂಟಿನ ತೇಪೆಯಲ್ಲಿ ಹಳೆ ಕೈ ಆಸ್ಟ್ರೇಲಿಯಾದವರು. ಅವರ ವಾಯುಪಡೆಯ ಮಿರಾಜ್, ಹರ್ಕ್ಯುಲಿಸ್ ವಿಮಾನಗಳ ಬಿರುಕಿನ ಮೇಲೆ ೧೯೭೦ರ ದಶಕದಿಂದ ಕಾಂಪೊಸಿಟ್ ತೇಪೆ ಅಂಟಿಸುತ್ತಾ ಬಂದರು. ತೇಪೆಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಅವರಿಗೂ ಬಂತು. ಆಗ ಹೊಳೆದ ಉಪಾಯ ಜೋಡೆತ್ತಿನದು ಅನ್ನಬಹುದು. ನೊಗಕ್ಕೆ ಎರಡು ಎತ್ತು ಕಟ್ಟಿದ್ದೀರಿ. ಬಂಡಿಯ ಭಾರ ಹೆಚ್ಚು ಕಡಿಮೆ ಆಗಬಹುದು, ಏರು ಇಳಿಜಾರು ಬರಬಹುದು, ಆದರೆ ಎರಡೂ ಎತ್ತು ಎಳೆಯುವ ಪಾಲು ಒಂದೇ ತರಹ ಇರಬೇಕು. ಒಂದರ ಪಾಲು ಕಡಿಮೆಯಾಗುತ್ತಾ ಬಂದರೆ ಅದು ಕುಂಟುತ್ತಿದೆ ಎಂದರ್ಥ. ಹಾಗೆಯೇ ತೇಪೆಯ ಅಂಚಿನ ಮೇಲೆ ಒಂದು ಸೆನ್ಸರ್, ದೂರದ ಒಳ್ಳೆ ಭಾಗದ ಮೇಲೆ ಇನ್ನೊಂದು. ಎರಡೂ ತಮ್ಮ ಜಾಗ ಎಷ್ಟು ಹಿಗ್ಗುತ್ತದೆ ಅಂತ ಅಳೆಯುತ್ತವೆ. ಅಂಟು ಬಿಡಲು ಶುರುವಾಗುವುದು ಸಾಮಾನ್ಯವಾಗಿ ಅಂಚಿನಲ್ಲೇ. ಬಿಟ್ಟ ಅಂಚು ಭಾರ ಹೊರುವುದಿಲ್ಲ, ಹಿಗ್ಗುವುದೂ ಇಲ್ಲ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದ ಸಂಖ್ಯೆ ಇಳಿಯುತ್ತಾ ಹೋಯಿತೆಂದರೆ ತೇಪೆ ಬಿಡುತ್ತಿದೆ. ಗಾಳಿ ಎಷ್ಟಿತ್ತು ಎಂಬ ಲೆಕ್ಕವೇ ಬೇಕಿಲ್ಲ. ಇಷ್ಟು ಸರಳ ಉಪಾಯ ಈ ವಿಷಯದಲ್ಲಿ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಇನ್ನೊಂದು ವಿಧಾನ ಬೆಳಕಿನದು. ಟೆಲಿಫೋನಿಗೆ ನೆಲ ಅಗೆದು ಹಾಕುತ್ತಾರಲ್ಲ, ಆ ಗಾಜಿನ ಎಳೆ. ಅದರಲ್ಲಿ ಅಲ್ಲಲ್ಲಿ ಸೂಕ್ಷ್ಮ ಗೆರೆಗಳನ್ನು ಮೂಡಿಸಿದರೆ, ಪ್ರತಿ ಗೆರೆ ಗುಂಪೂ ಒಂದೇ ಬಣ್ಣದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಎಳೆ ಹಿಗ್ಗಿದರೆ ಆ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ, ಯಂತ್ರ ಅದನ್ನು ಓದುತ್ತದೆ. ಒಂದೇ ಎಳೆಯಲ್ಲಿ ಇಂಥ ಹತ್ತಾರು ಠಾಣೆ. ಗಾಳಿ ರೆಕ್ಕೆಗೆ ಇದು ಹೇಳಿ ಮಾಡಿಸಿದ್ದು, ಯಾಕೆಂದರೆ ತಾಮ್ರದ ತಂತಿ ಎಳೆದರೆ ಸಿಡಿಲನ್ನು ಮನೆಗೆ ಕರೆದ ಹಾಗೆ; ಗಾಜಿಗೆ ಆ ಭಯವಿಲ್ಲ. ಇದರ ಕೆಲಸ ನಮ್ಮ ರಾಜ್ಯದಲ್ಲೇ ಆಗಿದೆ. ಬೆಂಗಳೂರಿನ ಎನ್.ಎ.ಎಲ್. ತಜ್ಞರು ಇಸ್ರೇಲಿನವರ ಜೊತೆ ಸೇರಿ ನಿಶಾಂತ್ ಎಂಬ ಪೈಲಟ್ ರಹಿತ ವಿಮಾನದ ಬಾಲದ ಕೊಳವೆಯೊಳಗೇ ಇಂಥ ಎಳೆ ಹುದುಗಿಸಿ ಹಾರಿಸಿ ನೋಡಿದರು. ವರದಿ ೨೦೧೫ರಲ್ಲಿ ಹೊರಬಂತು. ಹತ್ತು ವರ್ಷ ಕಳೆಯಿತು.

ಮೂರನೆಯದು ಕಿವಿಗೊಟ್ಟು ಕೇಳುವುದು. ನಾರು ಹರಿಯುವಾಗ, ಪದರ ಬಿಡುವಾಗ ಸಣ್ಣ ಚಟ್ ಸದ್ದು ಆಗುತ್ತದೆ, ಮನುಷ್ಯನ ಕಿವಿಗೆ ಬೀಳದಂಥದ್ದು. ಬಿಲ್ಲೆಯಷ್ಟು ಗಾತ್ರದ ಸಾಧನ ಅಂಟಿಸಿದರೆ ಅದು ಆ ಸದ್ದನ್ನು ವಿದ್ಯುತ್ತಾಗಿ ಬದಲಿಸುತ್ತದೆ. ಗ್ಯಾಸ್ ಒಲೆ ಹೊತ್ತಿಸುವ ಲೈಟರಿನಲ್ಲಿ ಕಿಡಿ ಹಾರಿಸುವುದೂ ಇದೇ ಜಾತಿಯ ಪದಾರ್ಥ. ಸುಮ್ಮನೆ ಕೇಳುವ ಬದಲು ಒಂದು ಬಿಲ್ಲೆಯಿಂದ ಸದ್ದು ಕಳಿಸಿ ಇನ್ನೊಂದರಿಂದ ಕೇಳಿಸಿಕೊಂಡು, ರಿಪೇರಿಯಾದ ದಿನ ಬಂದ ಸದ್ದಿಗೂ ಇವತ್ತಿನ ಸದ್ದಿಗೂ ತಾಳೆ ನೋಡಬಹುದು.

ಕೇಳಲು ಚೆನ್ನಾಗಿದೆ. ತೊಂದರೆಗಳೂ ಇವೆ, ಮುಚ್ಚಿಡುವುದು ಬೇಡ. ಬಿಸಿಲು ಏರಿದರೆ ಗಾಜಿನ ಎಳೆಯೂ ಹಿಗ್ಗುತ್ತದೆ. ಅದಕ್ಕೆ ಪಕ್ಕದಲ್ಲಿ ಬರೀ ಶಾಖ ಅಳೆಯುವ ಇನ್ನೊಂದು ಠಾಣೆ ಇರಬೇಕು. ತೇಪೆಯೊಳಗೆ ಎಳೆ ಹುದುಗಿಸಿದರೆ, ಅದು ಸುತ್ತಲಿನ ನಾರಿಗಿಂತ ಹಲವು ಪಟ್ಟು ದಪ್ಪ, ತಪ್ಪಾಗಿ ಹಾಕಿದರೆ ತೇಪೆಯೇ ದುರ್ಬಲ. ಸದ್ದು ಕೇಳುವ ಬಿಲ್ಲೆಗೆ ಆಲಿಕಲ್ಲಿನ ಮಳೆಯೂ ಬಿರುಕೂ ಒಂದೇ ತರಹ ಕೇಳಬಹುದು. ದಿನಾ ರಾತ್ರಿ ಸುಮ್ಮಸುಮ್ಮನೆ ಬೊಗಳುವ ನಾಯಿಯನ್ನು ಮೂರನೇ ವಾರಕ್ಕೆ ಯಾರೂ ಕೇಳೋದಿಲ್ಲ. ಇನ್ನು ಸೆನ್ಸರನ್ನು ಅಂಟಿಸುವುದೂ ಅಂಟಿನಿಂದಲೇ. ಅದೇ ಕಳಚಿಕೊಂಡರೆ? ಸತ್ತ ಕಾವಲುಗಾರನೂ ಸುಮ್ಮನಿರುತ್ತಾನೆ, ಎಲ್ಲ ಸರಿಯಿದ್ದಾಗ ಬದುಕಿರುವವನೂ ಸುಮ್ಮನಿರುತ್ತಾನೆ. ಹಾಗಾಗಿ ಸೆನ್ಸರ್ ತಾನು ಬದುಕಿದ್ದೇನೆ ಎಂದು ಆಗಾಗ ಹೇಳುವ ವ್ಯವಸ್ಥೆ ಇರಲೇಬೇಕು.

ಮುಖ್ಯವಾದ ಮಾತು ತಾಳೆ ನೋಡುವುದರದು. ರಿಪೇರಿಯಾದ ದಿನದ ಲೆಕ್ಕ ಬರೆದಿಡದಿದ್ದರೆ ಎಂಥ ಸೆನ್ಸರ್ ಹಾಕಿಯೂ ಪ್ರಯೋಜನ ಕಡಿಮೆ. ತೇಪೆ ಎಲ್ಲಿ, ಎಷ್ಟು ಅಗಲ, ಅವತ್ತು ತೇವ ಎಷ್ಟಿತ್ತು, ಬಿಸಿ ಎಷ್ಟು ಹೊತ್ತು ಕೊಟ್ಟರು, ಮಾಡಿದವರು ಯಾರು. ಯಂತ್ರ ಕೈ ಬದಲಾಗುತ್ತದೆ. ಹಾಕಿದ ಕಂಪನಿ ಒಂದು, ಕೊಂಡವರು ಇನ್ನೊಬ್ಬರು, ನೋಡಿಕೊಳ್ಳುವ ಕಂಟ್ರಾಕ್ಟು ಮತ್ತೊಬ್ಬರಿಗೆ. ಕಾಗದ ಎಲ್ಲಿ ಉಳಿಯುತ್ತದೆ? ಸೆಕೆಂಡ್‌ಹ್ಯಾಂಡ್ ಲಾರಿ ಕೊಳ್ಳುವವನು ಆರ್.ಸಿ. ಬುಕ್ಕು, ಎಫ್.ಸಿ. ನೋಡಿಯೇ ದುಡ್ಡು ಎಣಿಸುತ್ತಾನೆ. ರೆಕ್ಕೆಗೆ ಅಂಥ ಒಂದು ಬುಕ್ಕು ಇದ್ದು, ಅದು ರೆಕ್ಕೆಯ ಜೊತೆಯಲ್ಲೇ ಕೈ ಬದಲಾಗಬೇಕು.

ಕೆಳಗೆ ಇರುವವರು

ಕೆಲವರು ಕೇಳಬಹುದು: ಏನ್ರೀ, ಗುಡ್ಡದ ಮೇಲೆ ಬಿದ್ದರೆ ಯಾರಿಗೆ ಏನು? ಕೇಂದ್ರದ ೨೦೧೬ರ ಮಾರ್ಗಸೂಚಿ ಪ್ರಕಾರ ಟವರಿನ ಎತ್ತರ, ಸುತ್ತಿನ ವ್ಯಾಸದ ಅರ್ಧ, ಮೇಲೆ ೫ ಮೀಟರ್, ಇಷ್ಟು ದೂರ ರಸ್ತೆ, ರೈಲು, ಕಟ್ಟಡದಿಂದ ಬಿಡಬೇಕು. ವಾಸದ ಮನೆಯಿಂದ ೫೦೦ ಮೀಟರ್. ೧೪೦ ಮೀಟರ್ ಎತ್ತರದ, ೧೪೪ ಮೀಟರ್ ವ್ಯಾಸದ ಹೊಸ ಯಂತ್ರಕ್ಕೆ ಲೆಕ್ಕ ಹಾಕಿದರೆ ೨೧೭ ಮೀಟರ್. ಟವರು ನೆಟ್ಟಗೆ ಅಡ್ಡ ಬಿದ್ದರೆ ಇಷ್ಟು ಸಾಕು. ಆದರೆ ತಿರುಗುವಾಗ ತುದಿ ಮುರಿದರೆ ಅದು ಕವಣೆ ಕಲ್ಲಿನ ಹಾಗೆ ಹಾರುತ್ತದೆ, ಚೂರು ಹಲವು ನೂರು ಮೀಟರ್ ಆಚೆಗೂ ಬೀಳಬಹುದು. ೨೦೧೬ಕ್ಕಿಂತ ಮುಂಚೆ ನಿಂತ ಯಂತ್ರಗಳು ಈ ಅಳತೆ ನೋಡಿಕೊಂಡು ನಿಂತವಲ್ಲ. ಅವುಗಳ ಕೆಳಗೆ ಕುರಿ ಮೇಯುತ್ತವೆ, ಹಿಂದೆ ಕುರಿಗಾಹಿ ಇರುತ್ತಾನೆ, ಪಕ್ಕದ ಹೊಲದಲ್ಲಿ ಶೇಂಗಾ ಕೀಳುವ ಹೆಂಗಸರಿರುತ್ತಾರೆ. ಅವರಿಗೆ ನಾಂಟುಕೆಟ್ಟಿನ ಹಾಗೆ ವಕೀಲರಿಲ್ಲ.

ಎಲ್ಲ ರೆಕ್ಕೆಗೂ ಸೆನ್ಸರ್ ಹಾಕಿ ಎಂದರೆ ಕಂಪನಿಯವರು ದುಡ್ಡಿನ ಮಾತು ತೆಗೆಯುತ್ತಾರೆ, ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ. ಹಳೆಯ ಸಣ್ಣ ಯಂತ್ರಕ್ಕೆ ಅಷ್ಟು ಬಂಡವಾಳ ಹುಟ್ಟುವುದಿಲ್ಲ. ಆದರೆ ತೊಲೆಯ ಭಾಗಕ್ಕೆ ತೇಪೆ ಬಿದ್ದ ರೆಕ್ಕೆಗಳು, ರಸ್ತೆಗೆ ಇಲ್ಲವೇ ಮನೆಗೆ ಹತ್ತಿರ ಇರುವ ಯಂತ್ರಗಳು, ಆಯಸ್ಸು ವಿಸ್ತರಣೆ ಕೇಳುತ್ತಿರುವವು, ಈ ಮೂರು ಗುಂಪಿಗೆ ಕಡ್ಡಾಯ ಮಾಡಿದರೆ ಯಾರೂ ದಿವಾಳಿ ಆಗುವುದಿಲ್ಲ. ಉಳಿದವಕ್ಕೆ ಆಷಾಢಕ್ಕೆ ಮುಂಚೆ ಒಮ್ಮೆ, ಗಾಳಿ ನಿಂತ ಮೇಲೆ ಒಮ್ಮೆ ತಪಾಸಣೆ.

ಕೇಳುವುದು ಯಾರನ್ನು ಎಂಬುದೇ ದೊಡ್ಡ ಗೋಜಲು. ಯೋಜನೆಗೆ ಮಂಜೂರಾತಿ ಕ್ರೆಡಲ್‌ನದು, ಜಮೀನು ಕೆಲವು ಕಡೆ ಅರಣ್ಯ ಇಲಾಖೆಯದು, ತಂತಿ ಬದಿಯ ಸುರಕ್ಷತೆ ವಿದ್ಯುತ್ ಪರಿವೀಕ್ಷಣಾಲಯದ್ದು, ಕರೆಂಟು ಕೊಳ್ಳುವುದು ಬೆಸ್ಕಾಂ. ಗಾಜಿನ ನಾರಿನ ತೇಪೆ ಇವರಲ್ಲಿ ಯಾರ ಮೇಜಿನ ಫೈಲು? ಜಿಲ್ಲಾಧಿಕಾರಿಗಳು ಈ ನಾಲ್ಕೂ ಕಡೆಯವರನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು, ೨೦ ವರ್ಷ ದಾಟಿದ ಯಂತ್ರಗಳ ಪಟ್ಟಿ, ಪ್ರತಿ ರೆಕ್ಕೆಯ ರಿಪೇರಿ ಪುಸ್ತಕ, ಈ ಎರಡನ್ನು ಕೇಳಿದರೆ ಸಾಕು. ಪುಸ್ತಕ ಇರುವವರು ಅದೇ ವಾರ ತಂದು ಕೊಡುತ್ತಾರೆ. ಮುಂದಿನ ಆಷಾಢಕ್ಕೆ ಮುಂಚೆ ಆ ಸಭೆ ಕರೆಯುತ್ತಾರೆಯೇ?